'ಪ್ರೋಗ್ನೋಸ್ಟಿಕ್ ಮಾರ್ಕರ್'ಗೆ ಕನ್ನಡ ಬೇಕು (ತುರ್ತು)

ಗೆಳೆಯರೇ,
ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಹಾಳೆಯೊಂದನ್ನು ಅನುವಾದಿಸುತ್ತಿದ್ದೇನೆ. ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂಬ ಸುಳಿವು ಕೊಡುವ ಅಂಶಕ್ಕೆ ಅದರಲ್ಲಿ 'ಪ್ರೋಗ್ನೋಸ್ಟಿಕ್ ಮಾರ್ಕರ್' ಎಂದಿದೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಕ್ತದಲ್ಲಿ ನೋಡುವ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್), ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ ಇವನ್ನೆಲ್ಲ ಒಟ್ಟಿಗೆ 'ಉರಿಯೂತದ ಮುನ್ಸೂಚಕಗಳು' ಎಂದು ಬರೆದೆ. ಅತ್ತೆ ಓದಿ, "ಮುಂದೆ ಉರಿಯೂತ ಬರುತ್ತೆ ಅಂತಾನಾ?" ಎಂದರು. ತಪ್ಪು ನನ್ನದೇ. ಏನು ಬರೆಯಲಿ?
– ಸು.

ಉರಿಯೂತವೇ ಬೇಡ. 'ಇನ್‌ಫ್ಲಮೇಶನ್' ಒಳಗಿನ ಲ್ಯಾಟಿನ್ ಬೆಂಕಿಯನ್ನು ಸುಮ್ನೆ ಹೊತ್ತು ತಂದ ಪದ ಅದು. 'ಬಾವು' ಇದೆ, ಎರಡೇ ಅಕ್ಷರ. 'ಮುನ್ನರಿವು' ಇದೆ. 'ಬಾವಿನ ಮುನ್ನರಿವುಗುರುತು' ಎಂದು ಹಾಕಿ.
– ಕೆ.

ಉರಿ, ಊತ ಎರಡೂ ಅಚ್ಚಗನ್ನಡವೇ ಅಲ್ವಾ? ಬಾವು ಅಂದರೆ ನಮ್ಮ ಕಡೆ ಕೀವು ತುಂಬಿದ್ದು. ಎದೆಯಲ್ಲಿ ಗಡ್ಡೆ ಇರುವವರಿಗೆ ಅದನ್ನು ಓದಿಸುತ್ತೀರಾ?

ನಾನು ಲ್ಯಾಬಿನಲ್ಲಿರುವವಳು. ಸಿಆರ್‌ಪಿ ಲಿವರ್ ತಯಾರಿಸುವ ಪ್ರೋಟೀನು. 'ಸಿ' ಬಂದದ್ದು 1930ರಲ್ಲಿ, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸಿ-ಪಾಲಿಸ್ಯಾಕರೈಡಿನಿಂದ. ಆ ಅನುಪಾತಕ್ಕೆ ಬೇರೆ ಟೆಸ್ಟೇ ಬೇಡ. ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನ ಎರಡು ಬಿಳಿ ರಕ್ತಕಣಗಳ ಲೆಕ್ಕ, ಒಂದನ್ನು ಇನ್ನೊಂದರಿಂದ ಭಾಗಿಸಿದರಾಯ್ತು. ಚಿಕಿತ್ಸೆಗೆ ಮುಂಚೆ ಅದು ಜಾಸ್ತಿ ಇದ್ದವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕಿದ್ದು ಕಂಡಿದೆ. ಆದರೆ ನ್ಯುಮೋನಿಯಾ ಆದರೂ ಏರುತ್ತದೆ, ಸ್ಟೀರಾಯ್ಡ್ ತಗೊಂಡರೂ ಏರುತ್ತದೆ. ಒಬ್ಬರ ಹಣೆಬರಹ ಅದರಲ್ಲಿ ಇರುವುದಿಲ್ಲ. 'ಭವಿಷ್ಯಸೂಚಕ' ಎಂದು ಮಾತ್ರ ಬರೆಯಬೇಡಿ, ಪಂಚಾಂಗ ಆಗುತ್ತದೆ.
– ರೇ.

ಆಯುರ್ವೇದದಲ್ಲಿ ಇದಕ್ಕೆ ಪದ ಇದೆ: ಸಾಧ್ಯಾಸಾಧ್ಯತೆ. ಸಾಧ್ಯ (ಗುಣವಾಗುವುದು), ಯಾಪ್ಯ (ಹತೋಟಿಯಲ್ಲಿ ಇಡಬಹುದಾದದ್ದು), ಅಸಾಧ್ಯ (ಗುಣವಾಗದ್ದು). ಇಷ್ಟು ಒಳ್ಳೆಯ ವಿಂಗಡಣೆ ಬಿಟ್ಟು ಯಾಕೆ ಅಲೆಯುತ್ತೀರಿ?
– ಭ.

ಹಾಳೆಯಲ್ಲಿ 'ಅಸಾಧ್ಯ' ಎಂದು ಕಂಡರೆ ರೋಗಿ ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ.
– ರೇ.

ಸಂಸ್ಕೃತದ ಸಾಲವಾದರೆ ಸಾಲವಲ್ಲ, ಇಂಗ್ಲಿಷಿನದಾದರೆ ಸಾಲ! ನೂರು ಸಲ ಹೇಳಿದ್ದೇನೆ.
– ಕೆ.

ಹಾಗಾದರೆ ಕ್ಯಾನ್ಸರನ್ನು ಯಾಕೆ ಬಿಟ್ಟಿರಿ? 'ಏಡಿಹುಣ್ಣು' ಎನ್ನಿ. 'ಆಸ್ಪತ್ರೆ' ಯಾವ ಹಳಗನ್ನಡ?
– ಭ.

ಜಗಳ ಆಮೇಲೆ ಆಡಿ. ಒಂದೇ ಪದದ ಆಸೆ ಬಿಟ್ಟು, ಅಚ್ಚಿಗೆ ಹೀಗೆ ಕೊಟ್ಟೆ: "ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಯಲು ರಕ್ತದಲ್ಲಿ ನೋಡುವ ಅಂಶಗಳು. ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂದು ಅಂದಾಜು ಮಾಡಲು ಇವೂ ಡಾಕ್ಟರಿಗೆ ನೆರವಾಗುತ್ತವೆ." 'ಇವೂ' ರೇ. ಅವರಿಗಾಗಿ.

ಅತ್ತೆ ಒಪ್ಪಿದರು. ಆದರೆ ಅವರು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. "ಸಿಆರ್‌ಪಿ ಅಂದ್ರೆ ಶಾಲೆ ನೋಡೋಕೆ ಬರ್ತಾರಲ್ಲ, ಅವರು ರಕ್ತದಲ್ಲಿ ಯಾಕೆ?" ಎಂದು ಕೇಳುತ್ತಿದ್ದಾರೆ.
– ಸು.

ಎರಡು ವಾಕ್ಯ ಪದ ಅಲ್ಲ.
– ಕೆ.