ಅಪ್‌ಡೇಟ್: ‘ವ್ಯಾಲ್ಯೂ’ ಪ್ರಾಪರ್ಟಿಯ ತೊಡಕು ಬಗೆಹರಿಯಿತು

ಎಕ್ಸ್‌ಎಂಎಲ್ ದಾಖಲೆಯ ರಚನೆಯನ್ನು ವಿವರಿಸುವ ಸ್ಕೀಮಾದಿಂದ ಜಾವಾ ಕ್ಲಾಸುಗಳನ್ನು ತಯಾರಿಸುವಾಗ, ಆ ಕೆಲಸ ಮಾಡುವ ಸಾಧನವಾದ ಎಕ್ಸ್‌ಜೆಸಿಯು (XJC) ‘ವ್ಯಾಲ್ಯೂ’ ಎಂಬ ಪ್ರಾಪರ್ಟಿ ಈಗಾಗಲೇ ಇದೆಯೆಂದು ದೋಷ ತೋರಿಸಿ ನಿಂತುಬಿಡುತ್ತಿದ್ದುದರ ಬಗ್ಗೆ ಕೇಳಿದ್ದೆ, ಅದೀಗ ಬಗೆಹರಿದಿದೆ. ಪಠ್ಯವನ್ನೂ ‘ವ್ಯಾಲ್ಯೂ’ ಹೆಸರಿನ ಆಟ್ರಿಬ್ಯೂಟನ್ನೂ ಒಟ್ಟಿಗೆ ಹೊಂದಿರುವ ಎಲಿಮೆಂಟಿನಲ್ಲಿ, ಎಕ್ಸ್‌ಎಂಎಲ್ಲನ್ನೂ ಜಾವಾ ಕ್ಲಾಸುಗಳನ್ನೂ ಜೋಡಿಸುವ ವ್ಯವಸ್ಥೆಯಾದ ಜಾಕ್ಸ್‌ಬಿಯು (JAXB) ಒಳಗಿನ ಪಠ್ಯಕ್ಕೂ ತಾನಾಗಿಯೇ ಅದೇ ಹೆಸರನ್ನಿಡುವುದರಿಂದ, ಒಂದೇ ಕ್ಲಾಸಿನೊಳಗೆ ಎರಡು ಪ್ರಾಪರ್ಟಿಗಳು ಡಿಕ್ಕಿ ಹೊಡೆಯುತ್ತವೆ. ತಯಾರಾಗುವ ಕ್ಲಾಸುಗಳನ್ನು ಇಡುವ ಪ್ಯಾಕೇಜನ್ನು ಬದಲಿಸಿ ಎಂದು ನನಗೆ ಬಂದಿದ್ದ ಸಲಹೆ ಫಲಿಸದಿದ್ದುದು ಇದೇ ಕಾರಣಕ್ಕೆ. ಪ್ರತ್ಯೇಕ ಬೈಂಡಿಂಗ್ ಫೈಲಿನಲ್ಲಿ (ಕ್ಲಾಸುಗಳು ಹೇಗೆ ತಯಾರಾಗಬೇಕೆಂದು ಎಕ್ಸ್‌ಜೆಸಿಗೆ ತಿಳಿಸುವ ಫೈಲು) ಎಕ್ಸ್‌ಪಾತ್ (ಎಕ್ಸ್‌ಎಂಎಲ್‌ನ ಭಾಗಗಳನ್ನು ಗುರುತಿಸುವ ಭಾಷೆ) ಮೂಲಕ ಆ ಆಟ್ರಿಬ್ಯೂಟನ್ನು ಗುರುತಿಸಿ, ಅದಕ್ಕೆ ಬೇರೆ ಪ್ರಾಪರ್ಟಿ ಹೆಸರನ್ನು ಕೊಡುವ ಸಲಹೆಯೇ ಕೆಲಸ ಮಾಡಿತು. ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು. ಬದಲಾಗುವುದು ಜಾವಾದೊಳಗಿನ ಹೆಸರು ಮಾತ್ರ, ಎಕ್ಸ್‌ಎಂಎಲ್‌ನಲ್ಲಿ ಆಟ್ರಿಬ್ಯೂಟ್ ಮೊದಲಿನಂತೆಯೇ ಉಳಿಯುತ್ತದೆ ಎಂಬುದು ನೆಮ್ಮದಿ ತಂದ ಅಚ್ಚರಿ. ಜಾಕ್ಸ್‌ಬಿಯ ಹೊಸ ರೂಪವಾದ ಜಕಾರ್ತಾ ಎಕ್ಸ್‌ಎಂಎಲ್ ಬೈಂಡಿಂಗ್‌ನ 3.0 ಅಥವಾ ಅನಂತರದ ಆವೃತ್ತಿಯನ್ನು ಬಳಸುವವರು ಬೈಂಡಿಂಗ್ ಫೈಲಿನ ನೇಮ್‌ಸ್ಪೇಸ್ (ಅದರಲ್ಲಿನ ಹೆಸರುಗಳು ಯಾವ ಗುಂಪಿಗೆ ಸೇರಿದವೆಂದು ಗುರುತಿಸುವ ವಿಳಾಸ) ಕೂಡ ಬದಲಾಗಿರುವುದನ್ನು ಗಮನಿಸಬೇಕು.