ಮಗನಿಗೆ ಆಟಿಸಂ, ನನ್ನಪ್ಪನಿಗೆ ಕೈನಡುಕ: ಸಂಬಂಧ ಇದೆಯಾ?

ಸಾಗರದವಳು:
ಮಗನಿಗೆ ನಾಲ್ಕು ವರ್ಷ, ಆಟಿಸಂ ಅಂದಿದ್ದಾರೆ. ಡಾಕ್ಟರು ಮನೆಯವರ ಆರೋಗ್ಯವನ್ನೆಲ್ಲ ಕೆದಕಿ ಕೇಳಿದರು. ನನ್ನಪ್ಪನಿಗೆ ಅರವತ್ತು ದಾಟಿದ ಮೇಲೆ ಕೈನಡುಕ, ಕಾಫಿ ಲೋಟ ತುಂಬಿಸಿ ಕೊಡುವ ಹಾಗಿಲ್ಲ, ನಡೆಯುವಾಗ ವಾಲುತ್ತಾರೆ. ಅಕ್ಕನಿಗೆ ಮೂವತ್ತೇಳಕ್ಕೇ ಮುಟ್ಟು ನಿಂತಿತು. ಇಷ್ಟು ಹೇಳಿದ್ದೇ ತಡ, ಫ್ರಾಜೈಲ್ ಎಕ್ಸ್ ಅನ್ನೋ ವಂಶವಾಹಿ ತೊಂದರೆಯ ಪರೀಕ್ಷೆ ಬರೆದುಕೊಟ್ಟರು. ಮುದುಕರ ನಡುಕಕ್ಕೂ ನನ್ನ ಮಗನಿಗೂ ಎಲ್ಲಿಯ ನಂಟು? ಅತ್ತೆಯಂತೂ "ನಿಮ್ಮ ಕಡೆಯದ್ದೇ" ಅಂತ ತೀರ್ಪು ಕೊಟ್ಟಾಯ್ತು. ತಂಗಿಗೆ ಮದುವೆ ಗೊತ್ತಾಗಿದೆ. ಅವಳಿಗೆ ಹೇಳಲೋ ಬೇಡವೋ?

ಹಳೇ ಮೇಷ್ಟ್ರು:
ಸಂಬಂಧದಲ್ಲೇ ಮದುವೆ ಆಗಿದ್ದೀರಾ? ಸೋದರಮಾವನನ್ನು ಮಾಡಿಕೊಂಡರೆ ಹೀಗಾಗುತ್ತೆ ಅಂತಾರೆ.

ಸಾಗರದವಳು:
ಇಲ್ಲ ಸರ್, ಇವರು ರಾಯಚೂರು ಕಡೆಯವರು. ಮದುವೆಗೆ ಮುಂಚೆ ಮುಖವೇ ನೋಡಿರಲಿಲ್ಲ.

ಮೈಸೂರಮ್ಮ:
ಇದಕ್ಕೆ ಸೋದರಮಾವ ಬೇಕಿಲ್ಲ ಮೇಷ್ಟ್ರೇ. ನನ್ನ ಮಗನಿಗೂ ಇದೇ ಇರೋದು, ಈಗ ಕಾಲೇಜು ವಯಸ್ಸು.

ಎಕ್ಸ್ ಕ್ರೋಮೋಸೋಮಿನ ಎಫ್‌ಎಂಆರ್1 ಜೀನಿನಲ್ಲಿ ಸಿಜಿಜಿ ಅನ್ನೋ ಮೂರಕ್ಷರ ಮತ್ತೆ ಮತ್ತೆ ಬರುತ್ತೆ. 55ರಿಂದ 200 ಸಲ ಇದ್ದರೆ ಪ್ರೀಮ್ಯುಟೇಶನ್. ಅಂಥ ಗಂಡಸರು ಚೆನ್ನಾಗೇ ಬಾಳಿ, ಐವತ್ತರ ನಂತರ ಕೆಲವರಿಗೆ ನಿಮ್ಮಪ್ಪನಂಥ ನಡುಕ, ತೂಗಾಟ. ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗೆ ನಲವತ್ತರೊಳಗೇ ಮುಟ್ಟು ನಿಲ್ಲುವ ತೊಂದರೆ. ತಾಯಿಯಿಂದ ಮಗುವಿಗೆ ಹೋಗುವಾಗ ಆ ಸಂಖ್ಯೆ ಉಬ್ಬಿ 200 ದಾಟಿದರೆ ಜೀನು ಬಾಯಿ ಮುಚ್ಚುತ್ತೆ, ಅದೇ ಫ್ರಾಜೈಲ್ ಎಕ್ಸ್. ಗಂಡು ಮಗುವಿಗೆ ಅದರ ಪೆಟ್ಟು ಜಾಸ್ತಿ. ನಮ್ಮ ತಂದೆಗೆ ಪಾರ್ಕಿನ್ಸನ್ ಅಂತಲೇ ಗುಳಿಗೆ ಕೊಡ್ತಿದ್ರು, ಮೊಮ್ಮಗನ ರಿಪೋರ್ಟು ನೋಡಿದ ಮೇಲೆ ಅವರ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿತು.

ಆದರೂ ಆಟಿಸಂ ಇರೋ ನೂರು ಮಕ್ಕಳಲ್ಲಿ ಇದು ಸಿಗೋದು ಒಂದೆರಡರಲ್ಲಷ್ಟೇ. ರಿಪೋರ್ಟು ಬರೋ ತನಕ ಅತ್ತೆ ಮುಂದೆ ಏನೂ ಒಪ್ಪಿಕೊಳ್ಳಬೇಡಿ! ಮೈಕ್ರೋಅರೇ (ಕ್ರೋಮೋಸೋಮುಗಳಲ್ಲಿ ತುಂಡು ಕಡಿಮೆ-ಹೆಚ್ಚು ಇದೆಯಾ ನೋಡೋ ಪರೀಕ್ಷೆ) ಮಾಡಿಸಿ "ನಾರ್ಮಲ್" ಅಂದರೆ ಸುಮ್ಮನಾಗಬೇಡಿ, ಅದರಲ್ಲಿ ಈ ಉಬ್ಬರ ಕಾಣಲ್ಲ. ಇದಕ್ಕೇ ಬೇರೆ ರಕ್ತಪರೀಕ್ಷೆ ಇದೆ.

ಮಗನದ್ದು ಪಾಸಿಟಿವ್ ಬಂದರೆ ನಿಮ್ಮದು, ಅಪ್ಪನದ್ದು ಮಾಡಿಸಿ. ಅಪ್ಪನಿಗಿದ್ದರೆ ಹೆಣ್ಣುಮಕ್ಕಳಷ್ಟಕ್ಕೂ ಪ್ರೀಮ್ಯುಟೇಶನ್ ಬಂದೇ ಬಂದಿರುತ್ತೆ, ಅಪ್ಪನ ಹತ್ತಿರ ಇರೋದು ಒಂದೇ ಎಕ್ಸ್ ಅಲ್ವಾ. ಆಗ ತಂಗಿಗೆ ಹೇಳಲೇಬೇಕು ಅಂತೀನಿ ನಾನು. ಬಸುರಿಯಾದಾಗ ಹನ್ನೊಂದು ವಾರದ ಹೊತ್ತಿಗೇ ಹೊಟ್ಟೆಯಲ್ಲಿರೋ ಮಗುವಿನ ಪರೀಕ್ಷೆ ಸಾಧ್ಯ. ಮೊದಲೇ ಗೊತ್ತಿದ್ದರೆ ಏನು ಮಾಡಬೇಕು ಅನ್ನೋದನ್ನ ಅವಳೇ ಯೋಚಿಸ್ತಾಳೆ.

ಸಾಗರದವಳು:
ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸ, ಸೂಜಿ ಅಂದರೆ ಆಗದು. ತಮ್ಮನೊಬ್ಬನಿದ್ದಾನೆ, ಅವನಿಗೂ ಮಾಡಿಸಬೇಕಾ ಅಕ್ಕಾ?

ಮೈಸೂರಮ್ಮ:
ಅಪ್ಪನಿಂದಲೇ ಬಂದಿದ್ದು ಅಂತಾದರೆ ಬೇಡ, ಅವನಿಗೆ ಅಪ್ಪ ಕೊಟ್ಟಿರೋದು ವೈ. ಅಮ್ಮನಿಂದ ಬಂದಿದ್ದರೆ ಮಾತ್ರ ಅವನದ್ದೂ ನೋಡಿಸಿ.