ಹತ್ತು ಸಾವಿರ ಗೇಮು, ಒಂದು ಸೆಲ್ಲು

ತಮ್ಮನಿಗೆ ಹಳೆಯ ವಿಡಿಯೋ ಗೇಮ್ ಆಡಲು ಕೈಯಲ್ಲಿ ಹಿಡಿಯುವ ಯಂತ್ರವೊಂದು ಬೇಕಂತೆ. ಯಾವುದು ತಗೊಳ್ಳಲಿ ಅಂತ ಕೇಳಿದ್ದು ನನ್ನೊಬ್ಬನನ್ನು. ಅದು ಹೇಗೋ ಚಿಕ್ಕಮ್ಮನ ಕಿವಿಗೆ ಬಿತ್ತು. ಇನ್ನೇನು, ಮನೆಯವರ ಗುಂಪಿಗೂ ಬಂತು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ಚಿಕ್ಕಮ್ಮ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಗಮನಿಸಿ!! ಕಂಪನಿಗಳು ಮುಚ್ಚಿಟ್ಟ ಸತ್ಯ! ಅಂಗೈಯಗಲದ ಯಂತ್ರದಲ್ಲಿ 10,000 ಗೇಮ್! ಎಲ್ಲ ಹಳೆ ಗೇಮೂ ನಡೆಯುತ್ತವೆ! ದೊಡ್ಡ ಪರದೆ ಇರುವುದನ್ನೇ ಕೊಳ್ಳಿ. ಹತ್ತು ಜನಕ್ಕೆ ಕಳಿಸಿ.

ಅಕ್ಕ: ಬರೆದದ್ದು ಯಾರು ಚಿಕ್ಕಮ್ಮ?

ಚಿಕ್ಕಮ್ಮ: ನನಗೆ ಬಂತು, ಕಳಿಸಿದೆ ಕಣೇ.

ಅಕ್ಕ: ರಾತ್ರಿ ಫೋನ್ ಮುಟ್ಟಿದರೆ ಕೂದಲು ಉದುರುತ್ತೆ ಅಂತಲೂ ನಿಮಗೇ ಬಂದಿತ್ತು.

ಚಿಕ್ಕಮ್ಮ: ಅದನ್ನು ಕಳಿಸಿದ್ದು ನಿಮ್ಮಮ್ಮ.

(ಇದು ನಿಜ. ಹುಡುಕಿ ನೋಡಿದೆ. ಅಮ್ಮ ಆಮೇಲೆ ಇಡೀ ಚರ್ಚೆಯಲ್ಲಿ ಬಾಯಿ ಬಿಡಲಿಲ್ಲ.)

ದೊಡ್ಡಪ್ಪ: ಈ ಡಬ್ಬಿ ನೋಡಿ ನೋಡಿ ಕಣ್ಣು ಹೋಗುತ್ತೆ. ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ.

ಅಕ್ಕ: ಆಧಾರ ಏನು ದೊಡ್ಡಪ್ಪ? ಇದ್ಯಾವುದೂ ಇಲ್ಲದೆಯೇ ನಿಮಗೆ ಕನ್ನಡಕ ಬಂದಿದೆಯಲ್ವಾ?

ಇಲ್ಲಿ ನಾನು ತಲೆಹಾಕಿದೆ. ಮೂರು ಸಲ ತಿದ್ದಿ ಬರೆದ ಮೆಸೇಜು ಇದು.

ನಾನು: ತಮ್ಮಾ, ಮೊದಲು ಯಾವ ಗೇಮ್ ಆಡುತ್ತೀಯ ಅಂತ ನೋಡಿಕೋ. 1989ರ ಗೇಮ್ ಬಾಯ್ ಅಂತ ನಿಂಟೆಂಡೋ ಕಂಪನಿಯ ಕೈಯಲ್ಲಿ ಹಿಡಿಯುವ ಯಂತ್ರ ಇತ್ತಲ್ಲ, ಅದರ ಪರದೆ 160×144 ಚುಕ್ಕಿ, ಹೆಚ್ಚುಕಡಿಮೆ ಚೌಕ. 2001ರ ಗೇಮ್ ಬಾಯ್ ಅಡ್ವಾನ್ಸ್‌ನದು 240×160, ಸ್ವಲ್ಪ ಅಗಲ. ಫೋನಿನ ಹಾಗೆ ಉದ್ದನೆಯ ಪರದೆ ತಗೊಂಡರೆ ಎರಡೂ ಪಕ್ಕ ಕಪ್ಪು ಪಟ್ಟಿ, ನಡುವೆ ಗೇಮು. ದೊಡ್ಡದಾದರೂ ದಂಡ. 720×480 ಆದರೆ ಅಡ್ವಾನ್ಸ್ ಗೇಮುಗಳಿಗೆ ಸರಿಯಾಗಿ ಮೂರು ಪಟ್ಟು, ಒಂದು ಚುಕ್ಕಿಯೂ ಕಲಸಿಹೋಗುವುದಿಲ್ಲ. ಹಳೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮಾದರೆ 640×480 ಚೆನ್ನ. "ಎಲ್ಲವೂ ನಡೆಯುತ್ತವೆ" ಅನ್ನುವುದು ಸುಳ್ಳು. 1994ರ ಪ್ಲೇಸ್ಟೇಷನ್ ಗೇಮುಗಳನ್ನು ಸಣ್ಣ ಯಂತ್ರಗಳೂ ಸಲೀಸಾಗಿ ಎಳೆಯುತ್ತವೆ. 1996ರ ನಿಂಟೆಂಡೋ 64 ಯಂತ್ರದ ಗೇಮು ಬಂತೆಂದರೆ ಏದುಸಿರು. ಇನ್ನೊಂದು, ಜೊತೆಗೆ ಬರುವ ಮೆಮೊರಿ ಕಾರ್ಡನ್ನು ನಂಬಬೇಡ. ಅದು ಕೈಕೊಟ್ಟರೆ ಅಲ್ಲಿಯವರೆಗೆ ಆಡಿದ್ದೆಲ್ಲ ಹೋಯಿತು.

ದೊಡ್ಡಪ್ಪ: 🙏

ಅಂದರೆ ಓದಿಲ್ಲ.

ಅಣ್ಣ: ಗೇಮ್ ಬಾಯ್ ಯಾರ ಹತ್ತಿರ ಇತ್ತು ಮಾರಾಯ! ನಮ್ಮದು ಸೆಲ್ ಹಾಕಿ ಆಡುವ 9999 ಇನ್ 1 ಡಬ್ಬಿ. ಇಟ್ಟಿಗೆ ಜೋಡಿಸುವುದು, ಹಾವು, ಕಾರು, ಟ್ಯಾಂಕು. ಅವನ್ನೇ ವೇಗ ಬದಲಿಸಿ ಬದಲಿಸಿ ಎಣಿಸಿದ್ದರು.

ಅಕ್ಕ: ಚಿಕ್ಕಮ್ಮನದು ಅದಕ್ಕಿಂತ ಒಂದೇ ಒಂದು ಜಾಸ್ತಿ.

ಚಿಕ್ಕಮ್ಮ: ನಗಿ ನಗಿ. ಇನ್ನು ಮೇಲೆ ನಾನು ಏನೂ ಕಳಿಸುವುದಿಲ್ಲ.

ಅಕ್ಕ: ಹಾಗಲ್ಲ ಚಿಕ್ಕಮ್ಮ. ಆ 10,000 ಗೇಮುಗಳಿಗೆ ಅದನ್ನು ಮಾಡಿದವರ ಅನುಮತಿ ಇದೆಯಾ? ಅದನ್ನಾದರೂ ಯಾರಾದರೂ ಕೇಳಿ.

ಒಳ್ಳೆ ಪ್ರಶ್ನೆ. ಆದರೆ ಸಿಕ್ಕಿದ್ದು ದೊಡ್ಡಪ್ಪನ ಕೈಗೆ.

ದೊಡ್ಡಪ್ಪ: ಅಂದರೆ ಕದ್ದ ಮಾಲು! ಈ ಮನೆಯಲ್ಲಿ ಒಂದು ಗುಂಡುಸೂಜಿಯನ್ನೂ ಕೇಳದೆ ತೆಗೆದವರಿಲ್ಲ.

ಅಣ್ಣ: ಅಪ್ಪ, ನನ್ನ ಗೇಮಿನ ಸೆಲ್ಲು?

ಐದು ನಿಮಿಷ ಗುಂಪು ಸದ್ದಿಲ್ಲ.

ದೊಡ್ಡಪ್ಪ: ಯಾವ ಸೆಲ್ಲು?

ಅಣ್ಣ: ಗೋಡೆ ಗಡಿಯಾರಕ್ಕೆ ಹಾಕಿದಿರಲ್ಲ, ಅದು. ಸೆಲ್ ತೆಗೆದರೆ ಹೈ ಸ್ಕೋರ್ ಅಳಿಸಿಹೋಗುತ್ತೆ ಅಂತ ಎಷ್ಟು ಸಲ ಹೇಳಿದ್ದೆ. ಬೇಸಿಗೆ ರಜೆ ಪೂರ್ತಿ ಆಡಿದ ಸ್ಕೋರು ಅದು.

ದೊಡ್ಡಪ್ಪ: ಗಡಿಯಾರ ನಿಂತಿದೆ ಅಂತ ಹೇಳಿದ್ದು ನಿನ್ನ ಚಿಕ್ಕಮ್ಮ.

ಚಿಕ್ಕಮ್ಮ: ಭಾವ, ನಿಂತಿದೆ ಅಂದೆ. ಮಗುವಿನದು ಕಿತ್ತುಕೊಳ್ಳಿ ಅಂದೆನಾ? ಸೆಲ್ ತರಲು ಅಂಗಡಿಗೆ ಹೋಗಲು ನಿಮಗೆ ಸೋಮಾರಿತನ.

ದೊಡ್ಡಪ್ಪ: ಅವತ್ತು ಮಳೆ.

ಅಣ್ಣ: ಬೇಸಿಗೆ ರಜೆ ಅಪ್ಪ.

ನಡುವೆ ತಮ್ಮ ಒಮ್ಮೆ ಬಂದ.

ತಮ್ಮ: ಅಣ್ಣ, 720×480 ಇರುವುದನ್ನೇ ತಗೊಂಡೆ. ಬೇರೆ ಕಾರ್ಡೂ ಹಾಕಿದೆ.

ಯಾರೂ ನೋಡಲಿಲ್ಲ. ನಾನೊಂದು ಹೆಬ್ಬೆರಳು ಹಾಕಿದೆ.

ದೊಡ್ಡಪ್ಪ: ಅಷ್ಟೊಂದು ದೊಡ್ಡ ಸ್ಕೋರಾ? ಎಷ್ಟಿತ್ತು ಹೇಳು ನೋಡೋಣ.

ಅಣ್ಣ: 68,400.

ಅಕ್ಕ: ಆಧಾರ?